ಡೈವಿಂಗ್ ಮಾಸ್ಕ್ ಅಂಗಡಿಯಲ್ಲಿ, ಟಾರ್ಚ್ ಆನ್‌ಲೈನ್‌ನಲ್ಲಿ

ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ರುಚಿ ಹತ್ತಿ, ಸ್ವಂತ ಸಾಮಾನು ತಗೊಳ್ಳಬೇಕು ಅಂತಿರುವವರಿಗೆ ಒಂದು ಮಾತು. ಮೊದಲು ಮಾಸ್ಕ್ ತಗೊಳ್ಳಿ. ಅದನ್ನಂತೂ ಅಂಗಡಿಗೇ ಹೋಗಿ ತಗೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿಟ್ಟು, ಮೂಗಿನಿಂದ ಮೆಲ್ಲಗೆ ಉಸಿರು ಎಳೆಯಿರಿ. ಕೈ ಬಿಟ್ಟರೂ ಅದು ಬೀಳಬಾರದು. ಬಿದ್ದರೆ, ಎಷ್ಟೇ ದುಬಾರಿಯದಾದರೂ ನಿಮ್ಮ ಮುಖಕ್ಕೆ ಅದು ಆಗಿಬರುವುದಿಲ್ಲ, ಒಳಗೆ ನೀರು ನುಗ್ಗುತ್ತದೆ. ಮೀಸೆ ಇದ್ದವರು ಮೂಗಿನ ಕೆಳಗೆ ಇನ್ನೂ ಜಾಸ್ತಿ ಗಮನ ಕೊಡಿ. ಇದನ್ನೆಲ್ಲ ಫೋಟೋ ನೋಡಿ ತಿಳಿಯೋಕಾಗಲ್ಲ ಅಲ್ವಾ? ವೆಟ್‌ಸೂಟ್, ಬೂಟುಗಳನ್ನೂ ಹಾಕಿ ನೋಡಿಯೇ ಕೊಳ್ಳಿ.

ಟಾರ್ಚ್, ಸ್ನಾರ್ಕೆಲ್ (ನೀರಿನ ಮೇಲ್ಮೈಯಲ್ಲಿ ಉಸಿರಾಡುವ ಕೊಳವೆ), ಬ್ಯಾಗ್ ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಕ್ಕರೆ ಧಾರಾಳವಾಗಿ ತರಿಸಿ.

ರೆಗ್ಯುಲೇಟರ್ ವಿಷಯ ಬೇರೆ. ಸಿಲಿಂಡರಿನ ಗಾಳಿ ಬಾಯಿಗೆ ಬರುವುದು, ನೀರೊಳಗೆ ಉಸಿರಾಡುವುದೇ ಅದರಿಂದ. 1–2 ವರ್ಷಕ್ಕೊಮ್ಮೆ ಸರ್ವಿಸ್ ಬೇಕು. ಅಧಿಕೃತ ಡೀಲರ್ ಅಲ್ಲದವರಿಂದ ಕೊಂಡರೆ ವಾರಂಟಿ ಸಿಗದೇ ಹೋಗಬಹುದು. ಹಾಗಾಗಿ ದುಡ್ಡು ಕೊಡುವ ಮೊದಲೇ ಸರ್ವಿಸ್ ಎಲ್ಲಿ, ಬಿಡಿಭಾಗ ಸಿಗುತ್ತಾ ಅಂತ ಕೇಳಿ. ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಸೇರಿಸಿ. ರೆಗ್ಯುಲೇಟರನ್ನು ಸಿಲಿಂಡರಿಗೆ ಜೋಡಿಸುವ ರೀತಿ ಎರಡು: ಯೋಕ್ ಮತ್ತು ಡಿನ್. ನೀವು ಹೋಗುವ ಕಡೆ ಯಾವುದು ಇದೆ ಅಂತ ಅಲ್ಲಿನ ತರಬೇತುದಾರರನ್ನು ವಿಚಾರಿಸಿ, ಆಮೇಲೆ ಆರ್ಡರ್ ಮಾಡಿ.