ಗಮನಾರ್ಹ ಲೇಖನ ಯಾವುದು? ಆಯ್ಕೆಯ ಕೆಲಸದಲ್ಲಿ ನನ್ನ ಅನುಭವ

ಶಿವಮೊಗ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು, ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಸುತ್ತಲಿನ ತಾಲ್ಲೂಕುಗಳ ವಿಜ್ಞಾನ ಅಧ್ಯಾಪಕರಿಗೂ ಓದಲೇಬೇಕಾದ ಸಂಶೋಧನಾ ಲೇಖನಗಳ ಪಟ್ಟಿಯೊಂದನ್ನು ಪ್ರತಿ ತಿಂಗಳು ಸಿದ್ಧಪಡಿಸುತ್ತ ಬಂದಿದ್ದೇನೆ. ಪ್ರತಿ ಲೇಖನದ ಕೆಳಗೆ, ಅದು ಏಕೆ ಗಮನಾರ್ಹ ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲಿನಲ್ಲಿ ಬರೆಯುತ್ತೇನೆ. ಆ ನಾಲ್ಕು ಸಾಲು ಹುಟ್ಟದಿದ್ದರೆ, ಲೇಖನ ಎಷ್ಟೇ ದೊಡ್ಡ ಪತ್ರಿಕೆಯಲ್ಲಿ ಬಂದಿದ್ದರೂ ಅದನ್ನು ಕೈಬಿಡುತ್ತೇನೆ.

ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಆರಿಸುವುದು ಸುಲಭದ ದಾರಿ. ಆದರೆ ಆ ಅಂಕಿ, ಪತ್ರಿಕೆಯ ಹಿಂದಿನ ಎರಡು ವರ್ಷಗಳ ಲೇಖನಗಳು ಈ ವರ್ಷ ಸರಾಸರಿ ಎಷ್ಟು ಬಾರಿ ಉಲ್ಲೇಖಗೊಂಡವು ಎಂಬುದನ್ನಷ್ಟೇ ಹೇಳುತ್ತದೆ. ಕೆಲವೇ ಲೇಖನಗಳು ಉಲ್ಲೇಖಗಳ ಬಹುಪಾಲನ್ನು ತಂದುಕೊಡುವುದರಿಂದ ಆ ಸರಾಸರಿಯಿಂದ ಒಂದು ಬಿಡಿ ಲೇಖನದ ಬೆಲೆ ಕಟ್ಟಲಾಗದು. ಲೇಖನದ್ದೇ ಉಲ್ಲೇಖಗಳನ್ನು ಎಣಿಸಿದರೂ ಎಚ್ಚರ ಬೇಕು. ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿ 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದು, 2010ರಲ್ಲಿ ಹಿಂತೆಗೆದುಕೊಳ್ಳಲ್ಪಟ್ಟ ಲೇಖನವನ್ನು ಉಲ್ಲೇಖಿಸಿದವರಲ್ಲಿ ಅದನ್ನು ತಪ್ಪೆಂದು ತೋರಿಸಲು ಹೊರಟವರೇ ಬಹಳ.

ಹಾಗಾಗಿ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಲೇಖನ ಇಲ್ಲದೇ ಹೋಗಿದ್ದರೆ ಮುಂದಿನವರ ಕೆಲಸ ಎಲ್ಲಿ ನಿಂತುಬಿಡುತ್ತಿತ್ತು? ಈ ಪ್ರಶ್ನೆಯ ತೂಕ ನನಗೆ ತಿಳಿದದ್ದು ಸಿ. ಆರ್. ನಾರಾಯಣ ರಾವ್ ಅವರ ಲೇಖನದಿಂದ. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾಗಿದ್ದ ಅವರು, 1937ರಲ್ಲಿ ದಕ್ಷಿಣ ಭಾರತದ ಕಪ್ಪೆಗಳ ಕೆಲವು ಹೊಸ ಪ್ರಭೇದಗಳನ್ನು ವರ್ಣಿಸಿದರು. ಅವುಗಳಲ್ಲೊಂದಾದ ನರ್ತಿಸುವ ಕಪ್ಪೆಗೆ ನಮ್ಮ ಮಲೆನಾಡಿನ ಕೊಟ್ಟಿಗೆಹಾರದ ಹೆಸರೇ ಇದೆ. ಮೇಲ್ನೋಟಕ್ಕೆ ಅದು ಚರ್ಮದ ಬಣ್ಣ, ಬೆರಳುಗಳ ಉದ್ದ, ಜಾಲಪಾದದ ವಿಸ್ತಾರಗಳ ಒಣ ವಿವರ. ಆದರೆ ಅವರು ಸಂಗ್ರಹಿಸಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಮಾದರಿ ಕಳೆದ ಮೇಲೆ, ಆ ಕಪ್ಪೆ ಯಾವುದು ಎಂದು ಗುರುತಿಸಲು ಉಳಿಯುವುದು ಅಚ್ಚಾದ ವರ್ಣನೆ ಮತ್ತು ಊರಿನ ಹೆಸರು ಮಾತ್ರ. ಪಶ್ಚಿಮ ಘಟ್ಟದ ನರ್ತಿಸುವ ಕಪ್ಪೆಗಳ 14 ಹೊಸ ಪ್ರಭೇದಗಳನ್ನು 2014ರಲ್ಲಿ ‘ಸಿಲೋನ್ ಜರ್ನಲ್ ಆಫ್ ಸೈನ್ಸ್’ ಪ್ರಕಟಿಸಿತು. ಹೊಸದನ್ನು ಹೊಸದೆನ್ನಲು ಹಳೆಯದು ಯಾವುದೆಂದು ಮೊದಲು ತಿಳಿದಿರಬೇಕು. ಹಾಗೆ ತಿಳಿಸಿಕೊಡುವ ಲೇಖನಗಳಲ್ಲಿ 1937ರದ್ದೂ ಒಂದು. ಈ ಎರಡೂ ನನ್ನ ಪಟ್ಟಿಯಲ್ಲಿವೆ. ಪತ್ರಿಕೆಯ ಕೀರ್ತಿಯನ್ನು ಹಿಡಿದು ಹೊರಟಿದ್ದರೆ ಎರಡೂ ಸಿಗುತ್ತಿರಲಿಲ್ಲ.

ಲೆಸ್ಲಿ ಕೋಲ್ಮನ್ 1910ರಲ್ಲಿ ಮೈಸೂರು ಕೃಷಿ ಇಲಾಖೆಯ ಬುಲೆಟಿನ್‌ನಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದದ್ದೂ ಇದೇ ಬಗೆಯದು. ರೋಗಾಣುವಿಗೆ ಅವರು ಕೊಟ್ಟ ಹೆಸರು ಆಮೇಲೆ ಬದಲಾಗಿದೆ. ಆದರೂ ಮಳೆ ಹಿಡಿಯುವ ಮೊದಲು ಕೊನೆಗೌಡರು ಮರವೇರಿ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಇಂದಿನ ಪದ್ಧತಿಯ ಹಿಂದೆ ಆ ಕೆಲಸವಿದೆ.

ಓದುವಾಗ ನಾನು ಸಾರಾಂಶವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಲೇಖಕರ ಆಸೆಯೂ ಬೆರೆತಿರುತ್ತದೆ. ಮೊದಲು ನೋಡುವುದು ವಿಧಾನ, ಸ್ಥಳ, ಕಾಲ. ಮಂಗನ ಕಾಯಿಲೆ ಹರಡುವ ಉಣುಗುಗಳ ಕುರಿತ ಲೇಖನವಾದರೆ, ಕಾಡಿನ ತರಗೆಲೆಯ ಮೇಲೆ ಬಟ್ಟೆ ಎಳೆದು ಅವುಗಳನ್ನು ಹಿಡಿದ ತಿಂಗಳು ಯಾವುದು ಎಂದು ಹುಡುಕುತ್ತೇನೆ. ಮನುಷ್ಯರಿಗೆ ಹೆಚ್ಚಾಗಿ ರೋಗ ಅಂಟಿಸುವ ಮರಿ ಉಣುಗುಗಳು ಚುರುಕಾಗಿರುವುದು ಒಣ ತಿಂಗಳುಗಳಲ್ಲಿ. ಆಷಾಢದ ಮಳೆಯಲ್ಲಿ ಬಟ್ಟೆ ಎಳೆದು, ಈ ಕಾಡಿನಲ್ಲಿ ಉಣುಗು ಕಡಿಮೆ ಎಂದು ತೀರ್ಮಾನಿಸಿದ ಲೇಖನದ ಅಂಕಿಅಂಶ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದನ್ನು ನನ್ನ ಓದುಗರ ಮುಂದೆ ಇಡಲಾರೆ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಈ ಕಾಯಿಲೆಯ ಮೇಲಿನ ಸಾಹಿತ್ಯದಲ್ಲಿ ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವ ಲೇಖನವೊಂದು 2013ರಲ್ಲಿ ‘ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್’ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಹೊಸ ವೈರಸ್ ಇಲ್ಲ, ಹೊಸ ಉಪಕರಣವಿಲ್ಲ. ಕರ್ನಾಟಕದಲ್ಲಿ ಬಳಕೆಯಲ್ಲಿದ್ದ ಲಸಿಕೆಯ ಎರಡು ಡೋಸ್ ಪಡೆದವರಲ್ಲಿ ಪರಿಣಾಮ ಶೇ. 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9 ಎಂದು ಅದು ಲೆಕ್ಕ ಹಾಕಿತು. ಅನೇಕರಿಗೆ ಲಸಿಕೆ ತಲುಪಿಯೇ ಇಲ್ಲ ಎಂಬುದನ್ನೂ ತೋರಿಸಿತು. ಲಸಿಕೆ ಇದೆ ಎಂಬ ಸಮಾಧಾನಕ್ಕೂ ಲಸಿಕೆ ಎಷ್ಟು ಕಾಯುತ್ತದೆ ಎಂಬ ತಿಳಿವಳಿಕೆಗೂ ನಡುವಿನ ಅಂತರವನ್ನು ಅಂಕಿಯಲ್ಲಿ ಕಾಣಿಸಿದ ಕೆಲಸ ಅದು. ಕಾಡಂಚಿನಲ್ಲಿ ಬದುಕುವವರ ಮಟ್ಟಿಗೆ ಇದಕ್ಕಿಂತ ಗಮನಾರ್ಹವಾದುದನ್ನು ನಾನು ಹೆಚ್ಚು ಓದಿಲ್ಲ.

ತೀರ್ಮಾನಕ್ಕೆ ಬಾರದ ಲೇಖನಗಳಿಗೆ ಬೇರೆ ಕಡತವಿದೆ. ಒಂದೆರಡು ವರ್ಷ ಕಳೆದ ಮೇಲೆ ಅವುಗಳನ್ನು ಉಲ್ಲೇಖಿಸಿದ ಬರಹಗಳನ್ನು ತೆರೆದು, ಉಲ್ಲೇಖ ಪೀಠಿಕೆಯಲ್ಲಿ ಹೆಸರಿಗಷ್ಟೇ ಬಂದಿದೆಯೋ, ವಿಧಾನದ ಭಾಗದಲ್ಲಿ ನಿಜವಾಗಿ ಬಳಕೆಯಾಗಿದೆಯೋ ಎಂದು ನೋಡುತ್ತೇನೆ. ಬಳಕೆಯಾಗಿದ್ದರೆ ಮುಂದಿನ ತಿಂಗಳ ಪಟ್ಟಿಗೆ ಸೇರಿಸುತ್ತೇನೆ.