ಅಡಿಕೆ ಮರಕ್ಕೆ ಗುಂಡಿ: ಮಳೆ ರಜೆಯ ಹೊಲಿಗೆ ಪಾಠ

ಜೂನ್ ಮೊದಲ ವಾರದಲ್ಲಿ ಶಾಲೆ ತೆರೆಯುತ್ತದೆ. ತಿಂಗಳು ತುಂಬುವ ಮೊದಲೇ ಹೊಸ ಸಮವಸ್ತ್ರದ ಗುಂಡಿಗಳು ಒಂದೊಂದಾಗಿ ಕಳಚಲು ಶುರುವಾಗುತ್ತವೆ. ಮಳೆ ಬಿರುಸಾದ ದಿನ ಜಿಲ್ಲಾಧಿಕಾರಿ ರಜೆ ಸಾರುತ್ತಾರೆ. ತೋಡು ಉಕ್ಕಿ ಹರಿಯುವಾಗ ಮಕ್ಕಳನ್ನು ತೋಟದ ಕಡೆಗೆ ಬಿಡುವಂತಿಲ್ಲ, ಮನೆಯೊಳಗೆ ಕೂರಿಸಿದರೆ ಮೊಬೈಲ್ ಕೇಳುತ್ತಾರೆ. ಗುಂಡಿ ಹೊಲಿಯಲು ಕಲಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗದು.

ಐದಾರು ವರ್ಷದ ಮಗುವಿಗೆ ಇದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯ, ಆದರೆ ಅಂಗಿಯಿಂದ ಆರಂಭಿಸಬಾರದು. ಅಂಗಿಯ ಗುಂಡಿ ಅಡ್ಡಳತೆಯಲ್ಲಿ ಸುಮಾರು 11 ಮಿಲಿಮೀಟರ್ ಇರುತ್ತದೆ. ತೂತು ಸಣ್ಣದು, ಸೂಜಿ ಮೊನಚು, ಬಟ್ಟೆ ಜಾರುತ್ತದೆ. ದೊಡ್ಡವರೇ ಕನ್ನಡಕ ಹುಡುಕುವ ಕೆಲಸ ಅದು. ಮಕ್ಕಳ ಕರಕುಶಲದ ಹೆಸರಿನಲ್ಲಿ ಸಾಮಾನ್ಯವಾಗಿ ಮಾಡಿಸುವ ಇನ್ನೊಂದು ಕೆಲಸವೂ ನನಗೆ ಒಪ್ಪಿಗೆಯಿಲ್ಲ: ಚಿತ್ರದ ಮೇಲೆ ಬಣ್ಣ ಬಣ್ಣದ ಗುಂಡಿ ಹೊಲಿಸಿ ಗೋಡೆಗೆ ತೂಗುಹಾಕುವುದು. ನೋಡಲು ಚೆಂದವೇ. ಆದರೆ ಗುಂಡಿ ಇರುವುದು ಕಾಜದೊಳಗೆ ಹೋಗಿ ಬರಲು. ಬಟ್ಟೆಗೆ ಅಂಟಿಕೊಂಡಂತೆ ಬಿಗಿದು ಹೊಲಿದ ಗುಂಡಿಯನ್ನು ಕಾಜಕ್ಕೆ ಹಾಕಲು ಆಗುವುದಿಲ್ಲ. ಅದಕ್ಕೆ ದಾರದ ಸಣ್ಣ ಕತ್ತು ಬೇಕು. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಮಗುವಿಗೆ ತಲೆಗೆ ಹೋಗದು. ಹಾಕಿ ತೆಗೆಯುವ ವಸ್ತುವೊಂದನ್ನು ಮಾಡಿಸಿದರೆ ತಾನಾಗಿಯೇ ತಿಳಿಯುತ್ತದೆ.

ಹಾಗಾಗಿ ಗೊನೆ ಕೊಯ್ಯಬಹುದಾದ ಅಡಿಕೆ ಮರ ಮಾಡೋಣ. ಗೋಣಿಯ ಮೇಲೊಂದು ಮರ, ಸೋಗೆಯ ಕೆಳಗೆ ಮೂರು ದೊಡ್ಡ ಗುಂಡಿ, ಅವಕ್ಕೆ ಸಿಕ್ಕಿಸಲು ಬಟ್ಟೆಯ ಮೂರು ಗೊನೆ. ಗುಂಡಿ ಬಿಚ್ಚಿದರೆ ಕೊಯ್ಲು, ಹಾಕಿದರೆ ಮರುವರ್ಷದ ಫಸಲು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳಿಗೆ ಗೊನೆ ಎಲ್ಲಿ ಇಳಿಬೀಳುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಎಲೆಗಳ ನಡುವೆ ಗುಂಡಿ ಇಡಹೊರಟರೆ ಅವರೇ ನಿಮ್ಮನ್ನು ತಿದ್ದುತ್ತಾರೆ: ಹಾಳೆ ಕಳಚಿದ ಮೇಲೆ ಅದರ ಬುಡದಲ್ಲಲ್ಲವೇ ಗೊನೆ!

ಸಾಮಾನು

ಗೋಣಿಚೀಲ ಹಳೆಯದಾದರೂ ಅಡ್ಡಿಯಿಲ್ಲ, ನಾರಿನದ್ದೇ ಆಗಬೇಕು. ಪ್ಲಾಸ್ಟಿಕ್ ಚೀಲ ಬೇಡ. ತೊಳೆದು ಒಣಗಿಸಿ 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಮಳೆಗಾಲದಲ್ಲಿ ಗೋಣಿ ಒಣಗುವುದು ಸುಲಭವಲ್ಲ, ಬಿಸಿಲಿರುವಾಗಲೇ ಒಂದನ್ನು ತೊಳೆದು ತೆಗೆದಿಡುವುದು ಜಾಣತನ. ಅಂಚು ಬಿಚ್ಚಿಕೊಳ್ಳದಂತೆ ಸುತ್ತ ಎರಡು ಬೆರಳು ಮಡಚಿ ಅಂಟು ಹಾಕಿ.

ಸೂಜಿ ಉಲ್ಲನ್ ಕೆಲಸಕ್ಕೆ ಬಳಸುವ ಮೊಂಡು ತುದಿಯದ್ದು, ಕಣ್ಣು ದೊಡ್ಡದು. ಗೋಣಿ ಹೊಲಿಯುವುದೆಂದರೆ ದಬ್ಬಣ ತೆಗೆಯುವ ಅಭ್ಯಾಸ ನಮ್ಮಲ್ಲಿದೆ. ಮಕ್ಕಳ ಕೈಗೆ ಅದು ಬೇಡವೇ ಬೇಡ. ಗೋಣಿಯ ನೇಯ್ಗೆ ಸಡಿಲವಾದ್ದರಿಂದ ಮೊಂಡು ಸೂಜಿಯೇ ಸಲೀಸಾಗಿ ಇಳಿಯುತ್ತದೆ.

ಗುಂಡಿ ಎರಡು ತೂತಿನದ್ದಾಗಿರಲಿ. ದರ್ಜಿಗಳ ಸಾಮಾನು ಮಾರುವ ಅಂಗಡಿಯಲ್ಲಿ ಗುಂಡಿಯ ಅಳತೆಯನ್ನು ‘ಲೈನ್’ ಲೆಕ್ಕದಲ್ಲಿ ಹೇಳುವುದುಂಟು. 40 ಲೈನ್ ಎಂದರೆ ಒಂದು ಇಂಚು, ಅಂಗಿಯದ್ದು 18. ನಮಗೆ 36ರಿಂದ 40ರವರೆಗಿನ ಕೋಟಿನ ಗುಂಡಿ ಬೇಕು. ಅಂಗಡಿಗೆ ಹೋಗುವಾಗ ಸೂಜಿಯನ್ನೂ ಒಯ್ಯಿರಿ. ಗುಂಡಿ ದೊಡ್ಡದಿದ್ದರೂ ತೂತು ಕಿರಿದಾಗಿರುವುದುಂಟು. ಸೂಜಿ ತೂರದ ಗುಂಡಿ ತಂದರೆ ಇಡೀ ಮಧ್ಯಾಹ್ನ ಹಾಳು.

ಇನ್ನು ಕ್ರೋಶಾಕ್ಕೆ ಬಳಸುವ ದಪ್ಪ ಹತ್ತಿ ನೂಲು, ಹಸಿರು ಮತ್ತು ಕಿತ್ತಳೆ ಬಣ್ಣದ ಫೆಲ್ಟ್ ಬಟ್ಟೆ, ಕಸೂತಿಯ ರಿಂಗು ಒಂದು, ಹಿಡಿಸೂಡಿಯಿಂದ (ತೆಂಗಿನ ಗರಿಯ ಕಡ್ಡಿ ಪೊರಕೆ) ಮುರಿದ ಎರಡು ಕಡ್ಡಿ.

ಮರ

ಕಾಂಡವನ್ನು ದಪ್ಪ ಸ್ಕೆಚ್ ಪೆನ್ನಿನಿಂದ ಬರೆಯಿರಿ, ಬಟ್ಟೆ ಅಂಟಿಸಬೇಡಿ. ಅಂಟು ಹಿಡಿದ ಬಟ್ಟೆಯೊಳಗೆ ಮೊಂಡು ಸೂಜಿ ಇಳಿಯದು. ಸೋಗೆಗಳನ್ನು ಹಸಿರು ಫೆಲ್ಟ್‌ನಲ್ಲಿ ಮಗು ಕತ್ತರಿಸಿ ತುದಿಗೆ ಅಂಟಿಸಲಿ. ಓರೆಕೋರೆಯಾದರೂ ಸರಿ. ಸೋಗೆಯ ಬುಡದಿಂದ ಮೂರು ಬೆರಳು ಕೆಳಗೆ, ಕಾಂಡದ ಎಡಕ್ಕೆ, ಬಲಕ್ಕೆ ಮತ್ತು ನಡುವೆ ಒಂದೊಂದು ಜಾಗ ಗುರುತಿಸಿ. ಅಲ್ಲಿ ಗುಂಡಿ ಇಟ್ಟು ಎರಡೂ ತೂತಿನ ಮೂಲಕ ಪೆನ್ನಿನಿಂದ ಚುಕ್ಕಿ ಹಾಕಿ. ಎರಡು ಚುಕ್ಕಿಗಳ ನಡುವೆ ಗೋಣಿಯ ಕನಿಷ್ಠ ಎರಡು ಎಳೆ ಇರಬೇಕು, ಇಲ್ಲವಾದರೆ ಗುಂಡಿ ಕಿತ್ತು ಬರುತ್ತದೆ. ಆ ಭಾಗವನ್ನು ರಿಂಗಿಗೆ ಬಿಗಿದು ಮೇಜಿನ ಮೇಲಿಡಿ. ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯಲು ಬಿಟ್ಟರೆ ಗೋಣಿಯ ಜೊತೆ ಲಂಗವನ್ನೂ ಸೇರಿಸಿ ಹೊಲಿದುಬಿಡುತ್ತಾರೆ.

ಗುಂಡಿ

ನೂಲಿನ ಅಳತೆ ಮಗುವಿನ ಎರಡು ಮೊಳ. ಅದರದ್ದೇ ಕೈ, ಅದರದ್ದೇ ಮೊಳ. ಉದ್ದ ಹೆಚ್ಚಾದರೆ ಸಿಕ್ಕು ಬೀಳುತ್ತದೆ. ಗಂಟು ಹಾಕುವ ಗೋಜು ಬೇಡ: ಗೋಣಿಯ ಸಡಿಲ ನೇಯ್ಗೆಯಲ್ಲಿ ಗಂಟು ನಿಲ್ಲುವುದೂ ಇಲ್ಲ. ನೂಲನ್ನು ನಡುವಿಗೆ ಮಡಚಿ, ಎರಡೂ ತುದಿಗಳನ್ನು ಒಟ್ಟಿಗೆ ಸೂಜಿಯ ಕಣ್ಣಿನೊಳಗೆ ಪೋಣಿಸಿ. ಇನ್ನೊಂದು ಕಡೆ ಮಡಿಕೆಯ ಕುಣಿಕೆ ಉಳಿಯುತ್ತದೆ. ಆ ಕುಣಿಕೆಯೇ ನಮ್ಮ ಗಂಟು.

ಮೊದಲ ಚುಕ್ಕಿಯಲ್ಲಿ ಸೂಜಿ ಗೋಣಿಯ ಅಡಿಯಿಂದ ಮೇಲೆ ಬರಲಿ. ಕುಣಿಕೆ ಮಾತ್ರ ಎರಡು ಬೆರಳಿನಷ್ಟು ಹಿಂದೆ ಉಳಿಯಬೇಕು; ಮಗು ಪೂರ್ತಿ ಎಳೆಯದಂತೆ ನೀವು ಅದನ್ನು ಹಿಡಿದುಕೊಳ್ಳಿ. ಈಗ ಗುಂಡಿಯ ಒಂದು ತೂತಿಗೆ ಸೂಜಿ ಪೋಣಿಸಿ, ಗುಂಡಿಯನ್ನು ಗೋಣಿಯವರೆಗೆ ಜಾರಿಸಲಿ. ಗುಂಡಿ ದಾರದ ಮೇಲೆ ಜಾರಿ ಬಂದು ಕೂರುವುದು ಮಕ್ಕಳಿಗೆ ತುಂಬ ಇಷ್ಟವಾಗುವ ಕ್ಷಣ, ಅವಸರ ಮಾಡಬೇಡಿ. ಆಮೇಲೆ ಎರಡು ತೂತುಗಳ ನಡುವೆ ಗುಂಡಿಯ ಮೇಲೆ ಅಡ್ಡಲಾಗಿ ಹಿಡಿಸೂಡಿ ಕಡ್ಡಿ ಇಟ್ಟು, ಅದರ ಮೇಲಿಂದ ದಾರ ದಾಟಿಸಿ, ಇನ್ನೊಂದು ತೂತಿನಲ್ಲಿ ಸೂಜಿ ಕೆಳಗಿಳಿಸಿ. ರಿಂಗನ್ನು ಮಗುಚಿ. ಹಿಂದೆ ಕಾದಿರುವ ಕುಣಿಕೆಯೊಳಗೆ ಸೂಜಿ ತೂರಿಸಿ ಎಳೆದರೆ ಗುಂಡಿ ಹಿಡಿದುಕೊಂಡಿತು.

ಇದೇ ರೀತಿ ಕಡ್ಡಿಯ ಮೇಲಿಂದ ಇನ್ನೆರಡು ಸಲ. ಮಕ್ಕಳು ಎಡವುವುದು ಇಲ್ಲಿಯೇ. ಕೆಳಗೆ ಹೋಗುವುದು ಅವರಿಗೆ ಕಷ್ಟವಲ್ಲ, ತೂತು ಕಣ್ಣಿಗೆ ಕಾಣುತ್ತದೆ. ಮೇಲೆ ಬರುವಾಗ ಮಾತ್ರ ಕುರುಡು. ಗುಂಡಿಯ ತೂತನ್ನು ಬಿಟ್ಟು ಅದರ ಅಂಚಿನ ಹೊರಗೆ ಸೂಜಿ ತಲೆಯೆತ್ತುತ್ತದೆ. ಕೆಲವು ಮಕ್ಕಳು ಅಡಿಯಿಂದ ಬರುವುದನ್ನೇ ಮರೆತು ರಿಂಗಿನ ಸುತ್ತ ದಾರ ಸುತ್ತಿ ತರುತ್ತಾರೆ. ಹಾಗಾದಾಗ ಕೈಯಿಂದ ಕಸಿದುಕೊಳ್ಳಬೇಡಿ. ಸೂಜಿಯಿಂದ ದಾರ ಕಳಚಿ, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದು, ಮತ್ತೆ ಪೋಣಿಸಿ ಕೊಡಿ. ರಿಂಗನ್ನು ಬೆಳಕಿಗೆ ಎತ್ತಿ ಹಿಡಿದರೆ ಗೋಣಿಯ ಸಂದುಗಳೂ ಗುಂಡಿಯ ತೂತೂ ಹಿಂದಿನಿಂದ ಕಾಣುತ್ತವೆ. ಒಬ್ಬರು ರಿಂಗು ಹಿಡಿಯಲು ಬೇಕು ಎನ್ನುವುದಾದರೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವುದನ್ನೇ ಕಾಯುತ್ತ ಜಗಲಿಯಲ್ಲಿ ಕುಳಿತ ಅಜ್ಜ ಇದ್ದೇ ಇರುತ್ತಾರೆ.

ಕೊನೆಗೆ ಸೂಜಿಯನ್ನು ಅಡಿಯಿಂದ ತಂದು, ತೂತಿಗೆ ಹಾಕದೆ ಗುಂಡಿ ಮತ್ತು ಗೋಣಿಯ ನಡುವೆ ಹೊರಗೆ ತೆಗೆಯಬೇಕು. ಕಡ್ಡಿ ಎಳೆದುಬಿಡಿ. ಗುಂಡಿಯನ್ನು ಮೇಲಕ್ಕೆತ್ತಿದರೆ ಅಡಿಯಲ್ಲಿ ಸಡಿಲ ದಾರದ ಕಂಬ ಕಾಣುತ್ತದೆ, ಮೊದಲು ಹೇಳಿದ ಕತ್ತು ಇದೇ. ಅದಕ್ಕೆ ನಾಲ್ಕು ಸುತ್ತು ದಾರ ಬಿಗಿಯಾಗಿ ಸುತ್ತಿ, ಸೂಜಿ ಹಿಂದಕ್ಕೆ ಇಳಿಸಿ, ಅಲ್ಲಿನ ಹೊಲಿಗೆಗಳ ಅಡಿಯಲ್ಲಿ ಎರಡು ಸಲ ನುಸುಳಿಸಿ ಕತ್ತರಿಸಿ.

ಎರಡನೆಯ ಗುಂಡಿಯನ್ನು ಬೇಕೆಂದೇ ಕಡ್ಡಿ ಇಡದೆ ಹೊಲಿಸಿ. ಕಾರಣ ಹೇಳಬೇಡಿ.

ಗೊನೆ

ಕಿತ್ತಳೆ ಫೆಲ್ಟ್‌ನಲ್ಲಿ ಅಂಗೈಯಗಲದ ಗೊನೆಯ ಆಕಾರ ಕತ್ತರಿಸಿ. ಹಸಿ ಅಡಿಕೆ ಬೇಕೆನ್ನುವವರಿಗೆ ಹಸಿರು. ಫೆಲ್ಟ್ ಎಳೆ ಬಿಡುವುದಿಲ್ಲ, ಕಾಜದ ಅಂಚು ಹೊಲಿಯುವ ಕೆಲಸ ಉಳಿಯಿತು. ಕಾಜದ ಉದ್ದ ಎಂದರೆ ಗುಂಡಿಯ ಅಡ್ಡಳತೆಗೆ ಅದರ ದಪ್ಪ ಸೇರಿಸಿದಷ್ಟು: 25 ಮಿಲಿಮೀಟರ್ ಗುಂಡಿ 3 ಮಿಲಿಮೀಟರ್ ದಪ್ಪವಿದ್ದರೆ 28. ಮೇಲಿನ ತುದಿಯಲ್ಲಿ ಬಟ್ಟೆ ಮಡಚಿ, ದೊಡ್ಡವರೇ ಕತ್ತರಿಸಿ. ಪುರುಸೊತ್ತಿದ್ದರೆ ಗೊನೆಯ ಮೇಲೆ ಸಣ್ಣ ಗುಂಡಿಗಳನ್ನು ಅಡಿಕೆಯಂತೆ ಹೊಲಿಯಬಹುದು. ಇವು ಅಲಂಕಾರಕ್ಕೆ, ಕತ್ತು ಬೇಡ. ಫೆಲ್ಟ್‌ಗೆ ಮೊನಚು ಸೂಜಿ ಬೇಕಾದ್ದರಿಂದ ಇದು ಏಳೆಂಟು ವರ್ಷದವರ ಪಾಲಿಗಿರಲಿ.

ಈಗ ಗೊನೆಗಳನ್ನು ಸಿಕ್ಕಿಸಲು ಹೇಳಿ. ಮೊದಲ ಗುಂಡಿಗೆ ಗೊನೆ ಸಲೀಸಾಗಿ ಹತ್ತುತ್ತದೆ. ಎರಡನೆಯದಕ್ಕೆ ಒತ್ತಿದರೂ ಕೂರುವುದಿಲ್ಲ, ಕೂತರೂ ಬಟ್ಟೆ ಮುದುಡುತ್ತದೆ. ಎರಡೂ ಗುಂಡಿಗಳ ಅಡಿಗೆ ಉಗುರು ತೂರಿಸಿ ನೋಡಲು ಬಿಡಿ. ಒಂದರ ಅಡಿಯಲ್ಲಿ ಉಗುರಿಗೆ ಜಾಗವಿದೆ, ಇನ್ನೊಂದರ ಅಡಿಯಲ್ಲಿ ಇಲ್ಲ. “ಅಜ್ಜಿ, ಇದಕ್ಕೆ ಕಡ್ಡಿ ಇಟ್ಟೇ ಇಲ್ಲ!” ಎಂಬ ದೂರು ಬಂದರೆ ಪಾಠ ಮುಗಿದಂತೆ. ಆ ಗುಂಡಿಯನ್ನು ಬಿಚ್ಚಿ ಮತ್ತೆ ಹೊಲಿಯುವುದೋ ಬಿಡುವುದೋ ಮಗುವಿಗೇ ಬಿಟ್ಟದ್ದು. ಮೂರನೆಯದಕ್ಕೆ ಕಡ್ಡಿಯನ್ನು ಅವರೇ ಹುಡುಕುತ್ತಾರೆ.

ರಾತ್ರಿ ಮಕ್ಕಳು ಮಲಗಿದ ಮೇಲೆ ಹೊಲಿಗೆ ಬಿಚ್ಚಿ ನೀಟಾಗಿ ಹಾಕಿಡುವ ಅಮ್ಮಂದಿರೂ ಇದ್ದಾರೆ. ದಯವಿಟ್ಟು ಬೇಡ. ಮುಂದೆ ಶಾಲೆಯ ವೃತ್ತಿ ಪರಿಚಯ ಮೇಳದಲ್ಲಿ ಎದುರಿಗೇ ಕುಳಿತು ಮಾಡಿ ತೋರಿಸಬೇಕಾಗುತ್ತದೆ, ಅಲ್ಲಿ ಅಮ್ಮ ಜೊತೆಗಿರುವುದಿಲ್ಲ.

ಕೆಲಸದ ಮೊದಲೂ ಕೊನೆಯಲ್ಲೂ ಗುಂಡಿ, ಸೂಜಿಗಳನ್ನು ಎಣಿಸಿ. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಎಣಿಕೆ ತಪ್ಪಲೇಬಾರದು. ನೆಲಕ್ಕೆ ಬಿದ್ದ ಗುಂಡಿ ನೇರ ಬಾಯಿಗೆ ಹೋಗುತ್ತದೆ. ಸೂಜಿ ಕೈಯಲ್ಲಿಲ್ಲದಾಗ ಸ್ಪಂಜಿನ ತುಂಡಿಗೆ ಚುಚ್ಚಿರಲಿ, ಚಾಪೆಗಲ್ಲ.

ಅಂಗಿ

ಅಂಗಿಯ ಗುಂಡಿಗೆ ಬರುವುದು ಇದಾದ ಮೇಲೆ, ಅದೂ ಏಳು ವರ್ಷ ದಾಟಿದವರಿಗೆ, ದೊಡ್ಡವರು ಪಕ್ಕದಲ್ಲಿದ್ದಾಗ. ಸೂಜಿ ಮೊನಚಿನದು, ದಾರ ತೆಳು, ಆರಂಭಕ್ಕೆ ಅದೇ ಕುಣಿಕೆ. ಹಿಡಿಸೂಡಿ ಕಡ್ಡಿ ದಪ್ಪವಾಯಿತು. ಅದರ ತುದಿಯ ಸಪೂರ ಭಾಗ ಅಥವಾ ಇನ್ನೊಂದು ಸೂಜಿ ಸಾಕು. ಅಂಗಿಯ ಗುಂಡಿಗೆ ಹೆಚ್ಚಾಗಿ ನಾಲ್ಕು ತೂತು. ಅಡ್ಡಡ್ಡ ಎರಡು ಗೆರೆಯೋ ಗುಣಿಸು ಚಿಹ್ನೆಯೋ ಎಂದು ನೀವು ಹೇಳಬೇಡಿ, ಅದೇ ಅಂಗಿಯ ಉಳಿದ ಗುಂಡಿಗಳನ್ನು ನೋಡಿ ಹಾಗೆಯೇ ಹೊಲಿಯಲಿ. ಹಳೆಯ ದಾರದ ತುಣುಕು ಸಿಕ್ಕಿಕೊಂಡಿರುವ ಜಾಗವೇ ಗುಂಡಿಯ ಜಾಗ. ಅದನ್ನು ಕಿತ್ತು ಎಸೆಯುವ ಮೊದಲು ಚುಕ್ಕಿ ಹಾಕಿಸಿ.