ಪೈಪಲ್ಲಿ ನೀರು ಐಸ್ ಆಗಿ ಕೂತ್ರೆ: ಮೊದ್ಲು ವಾಲ್ವ್, ಆಮೇಲೆ ಬಿಸಿ

ರಾತ್ರಿಯೆಲ್ಲಾ ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿತ್ತು, ಬೆಳಿಗ್ಗೆ ನಲ್ಲಿ ತಿರುಗಿಸಿದ್ರೆ ಒಂದೆರಡು ಹನಿ ಬಿದ್ದು ನಿಂತೋಯ್ತು ಅಂದ್ರೆ ಪೈಪೊಳಗೆ ಐಸ್ ಕಟ್ಟಿದೆ ಅಂತ್ಲೇ ಅಂದ್ಕೊಳಿ. ಆದ್ರೂ ಒಂದ್ಸಲ ಮನೇಲಿರೋ ಎಲ್ಲಾ ನಲ್ಲೀನೂ ತಿರುಗಿಸಿ ನೋಡಿ. ಒಂದೇ ನಲ್ಲೀಲಿ ಬರ್ತಿಲ್ಲ ಅಂದ್ರೆ ಅಲ್ಲಿಗೆ ಹೋಗೋ ಲೈನಲ್ಲಿ ಕಟ್ಟಿದೆ, ಬಿಸಿನೀರು ಬರುತ್ತೆ ತಣ್ಣೀರು ಬರಲ್ಲ ಅಂದ್ರೆ ತಣ್ಣೀರು ಲೈನಲ್ಲಿ, ಎಲ್ಲೂ ಏನೂ ಬರ್ತಿಲ್ಲ ಅಂದ್ರೆ ಮೇನ್ ಲೈನೇ ಕಟ್ಟಿರ್ಬೋದು ಇಲ್ಲಾ ಸಪ್ಲೈನೇ ನಿಂತಿರ್ಬೋದು, ಪಕ್ಕದ ಮನೆಯೋರನ್ನ ಒಂದ್ಮಾತು ಕೇಳಿ.

ಇಲ್ಲಿ ಎಲ್ರೂ ಮೊದ್ಲು ಓಡೋದು ಹೇರ್ ಡ್ರೈಯರ್ ತರೋಕೆ. ಸ್ವಲ್ಪ ತಡೀರಿ. ಮೊದ್ಲು ಮನೆ ಮೇನ್ ವಾಲ್ವ್ ಬಂದ್ ಮಾಡಿ. ಯಾಕಂದ್ರೆ ಪೈಪು ರಾತ್ರೀನೇ ಸೀಳಿರ್ಬೋದು, ಆದ್ರೆ ಒಳಗಿನ ಐಸೇ ಬಿರಡೆ ಥರ ಅಡ್ಡ ಕೂತಿರೋದ್ರಿಂದ ನೀರು ಹೊರಗೆ ಬಂದಿರಲ್ಲ. ನೀವು ಕಷ್ಟಪಟ್ಟು ಐಸ್ ಕರಗಿಸಿದ ಆ ನಿಮಿಷಕ್ಕೇ ಮನೆ ತುಂಬಾ ನೀರು. ಹಾಗಾಗಿ ವಾಲ್ವ್ ಎಲ್ಲಿದೆ, ಕೈಗೆ ತಿರುಗುತ್ತಾ, ತುಕ್ಕು ಹಿಡಿದು ಕೂತಿದೆಯಾ ಅನ್ನೋದನ್ನ ಚಳಿ ಶುರುವಾಗೋ ಮುಂಚೇನೇ ನೋಡಿಟ್ಕೊಂಡಿದ್ರೆ ಒಳ್ಳೇದು.

ಎರಡ್ನೇದು, ನೀರು ಬರ್ದೇ ಇರೋ ನಲ್ಲಿನ ತಿರುಗಿಸಿ ತೆರೆದೇ ಇಡಿ. ಇದ್ಯಾಕೆ ಅಂತ ಸುಮಾರು ಜನಕ್ಕೆ ಗೊತ್ತಿಲ್ಲ. ನೀರು ಐಸ್ ಆದಾಗ ಸುಮಾರು 9% ಹಿಗ್ಗುತ್ತೆ, ಆ ಐಸೇ ಪೈಪನ್ನ ಒಡೆಯುತ್ತೆ ಅಂತ ಎಲ್ರೂ ತಿಳ್ಕೊಂಡಿರ್ತಾರೆ, ಆದ್ರೆ ಬಹಳ ಸಲ ಪೈಪ್ ಒಡೆಯೋದು ಐಸ್ ಇರೋ ಜಾಗದಲ್ಲಿ ಅಲ್ಲ. ಐಸ್ ಬೆಳೀತಾ ಹೋದಂಗೆ ಅದಕ್ಕೂ ಮುಚ್ಚಿರೋ ನಲ್ಲಿಗೂ ಮಧ್ಯ ಸಿಕ್ಕಿಬಿದ್ದ ನೀರಿಗೆ ಹೋಗೋಕೆ ದಾರಿ ಇರಲ್ಲ, ಪ್ರೆಶರ್ ಏರ್ತಾ ಏರ್ತಾ ಎಲ್ಲಿ ವೀಕಾಗಿದೆಯೋ ಅಲ್ಲಿ ಸೀಳುತ್ತೆ. ನಲ್ಲಿ ತೆಗೆದಿದ್ರೆ ಆ ಪ್ರೆಶರ್ ಹೊರಗೆ ಹೋಗುತ್ತೆ, ಕರಗಿದ ನೀರಿಗೂ ದಾರಿ ಸಿಗುತ್ತೆ.

ಗೀಸರ್ ಆನ್ ಇದ್ರೆ ಆಫ್ ಮಾಡಿ, ಅದಕ್ಕೆ ನೀರು ಬರೋ ಕಡೆ, ಹೋಗೋ ಕಡೆ ಎರಡೂ ಲೈನ್ ಕಟ್ಟಿಕೊಂಡಿದ್ದಾಗ ನೀರು ಕಾಯಿಸ್ತಾ ಕೂರೋದು ಅಪಾಯ.

ಇನ್ನು ಐಸ್ ಎಲ್ಲಿದೆ ಅಂತ ಹುಡುಕೋದು. ಹೊರಗೋಡೆಗೆ ಅಂಟ್ಕೊಂಡಿರೋ ಪೈಪು, ಸಿಂಕ್ ಕೆಳಗಡೆ, ಅಟ್ಟ, ನೆಲಮಾಳಿಗೆ, ಗಾಳಿ ನುಗ್ಗೋ ಸಂದಿ ಪಕ್ಕ, ಇವೇ ಮಾಮೂಲಿ ಜಾಗಗಳು. ಪೈಪ್ ಮೇಲೆ ಬಿಳಿ ಇಬ್ಬನಿ ಥರ ಕೂತಿದ್ರೆ ಅಥವಾ ಸ್ವಲ್ಪ ಉಬ್ಬಿದ್ರೆ ಅಲ್ಲೇ ಇದೆ. ಏನೂ ಕಾಣ್ದಿದ್ರೆ ಕೈಯಾಡಿಸ್ತಾ ಹೋಗಿ, ಒಂದು ಕಡೆ ಇದ್ದಕ್ಕಿದ್ದಂಗೆ ಚಳಿ ಜಾಸ್ತಿ ಅನ್ಸುತ್ತೆ. ಬಿರುಕು ಕಂಡ್ರೆ ಅಲ್ಲಿಗೇ ನಿಲ್ಲಿಸಿ ಪ್ಲಂಬರ್‌ನ ಕರೀರಿ.

ಬಿರುಕು ಇಲ್ಲ ಅಂದ್ರೆ ಈಗ ಡ್ರೈಯರ್ ತಗೊಳಿ. ಯಾವಾಗ್ಲೂ ನಲ್ಲಿ ಕಡೆಯಿಂದ ಶುರುಮಾಡಿ ಐಸ್ ಕಡೆಗೆ ಹೋಗ್ಬೇಕು. ಮಧ್ಯದಲ್ಲಿ ಬಿಸಿ ಕೊಟ್ರೆ ಅಲ್ಲಿ ಕರಗಿದ ನೀರಿಗೆ, ಹಬೆಗೆ ಹೋಗೋಕೆ ದಾರಿ ಇಲ್ದೆ ಮತ್ತೆ ಅದೇ ಪ್ರೆಶರ್ ಕಥೆ. ಡ್ರೈಯರನ್ನ ಒಂದೇ ಕಡೆ ಹಿಡಿದು ನಿಲ್ಬೇಡಿ, ಆಡಿಸ್ತಾ ಇರಿ, ಒದ್ದೆ ನೆಲದ ಮೇಲೆ ನಿಂತು ಮಾತ್ರ ಬಳಸ್ಬೇಡಿ. ಕರೆಂಟ್ ಬೇಡ ಅನ್ಸಿದ್ರೆ ಟವೆಲನ್ನ ಬಿಸಿನೀರಲ್ಲಿ ಅದ್ದಿ ಹಿಂಡಿ ಪೈಪಿಗೆ ಸುತ್ತಿ, ಆರಿದಂಗೆ ಬದ್ಲಾಯಿಸ್ತಾ ಇರಿ, ನನ್ನ ಪ್ರಕಾರ ಇದೇ ಸೇಫು, ತಾಳ್ಮೆ ಬೇಕು ಅಷ್ಟೆ. ಅರ್ಧ ಗಂಟೆಯಿಂದ ಎರಡು ಮೂರು ಗಂಟೆನೂ ಹಿಡೀಬೋದು. ನಲ್ಲೀಲಿ ಹನಿಯೋಕೆ ಶುರುವಾದ್ಮೇಲೆ ಮೇನ್ ವಾಲ್ವ್ ಒಂಚೂರೇ ತೆಗೀರಿ, ಹರಿಯೋ ನೀರೇ ಉಳಿದ ಐಸನ್ನ ಕರಗಿಸುತ್ತೆ.

ಬೆಂಕಿ ಮಾತ್ರ ಬೇಡ. ಬ್ಲೋ ಟಾರ್ಚ್, ಮೇಣದಬತ್ತಿ, ಲೈಟರ್ ಯಾವುದೂ ಬೇಡ, ಗೋಡೆಯೊಳಗಿನ ಮರ ಹೊತ್ಕೊಂಡ್ರೆ ನಿಮಗೆ ಗೊತ್ತಾಗೋಷ್ಟ್ರಲ್ಲಿ ತಡ ಆಗಿರುತ್ತೆ. ಪಿವಿಸಿ ಪೈಪ್ ಅಂತೂ 60 ಡಿಗ್ರಿ ದಾಟಿದ್ರೆ ಸಾಕು ಮೆತ್ತಗಾಗುತ್ತೆ, ಕುದಿಯೋ ನೀರನ್ನ ಹಾಗೇ ಸುರೀಬೇಡಿ. ಮುಚ್ಚಿದ ರೂಮಲ್ಲಿ ಇದ್ದಿಲ ಒಲೆ ಇಟ್ಟು ಬಿಸಿ ಮಾಡೋರೂ ಇದ್ದಾರೆ, ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆನೇ ಇರಲ್ಲ, ಜೀವಕ್ಕೇ ಬರುತ್ತೆ. ಐಸ್ ಗೋಡೆಯೊಳಗಿದ್ರೆ ಆ ರೂಮಿನ ಹೀಟಿಂಗ್ ಜಾಸ್ತಿ ಮಾಡಿ, ಸಿಂಕ್ ಕೆಳಗಿನ ಬಾಗಿಲು ತೆಗೆದಿಟ್ಟು ಕಾಯಿರಿ, ಆಗ್ಲಿಲ್ಲ ಅಂದ್ರೆ ಪ್ಲಂಬರ್.

ನೀರು ಬಂತು ಅಂತ ಕೈತೊಳ್ಕೊಂಡು ಎದ್ದು ಹೋಗ್ಬೇಡಿ. ಎಲ್ಲಾ ನಲ್ಲಿ ಮುಚ್ಚಿ, ವಾಲ್ವ್ ಪೂರ್ತಿ ತೆಗೆದು ವಾಟರ್ ಮೀಟರ್ ನೋಡಿ. ಯಾರೂ ನೀರು ಬಳಸ್ದೆ ಇದ್ರೂ ಮುಳ್ಳು ತಿರುಗ್ತಿದ್ರೆ ಎಲ್ಲೋ ಸೋರ್ತಿದೆ. ಜಾಯಿಂಟ್, ಎಲ್ಬೋಗಳನ್ನ (ಪೈಪ್ ತಿರುಗೋ ಜಾಗದ ತುಂಡು) ಒಣ ಟಿಶ್ಯೂಲಿ ಒರೆಸಿ ನೋಡಿ, ಸಣ್ಣ ಸೀಳಿದ್ರೂ ಟಿಶ್ಯೂ ಒದ್ದೆಯಾಗುತ್ತೆ.

ಮುಂದಿನ ಸಲ ಹೀಗಾಗ್ದೇ ಇರೋಕೆ ಪೈಪಿಗೆ ಫೋಮ್ ಸುತ್ತಿ, ಆದ್ರೆ ಅದು ಬಿಸಿ ಹುಟ್ಟಿಸಲ್ಲ, ತಣ್ಣಗಾಗೋದನ್ನ ತಡ ಮಾಡುತ್ತೆ ಅಷ್ಟೆ, ಎಲ್ಬೋ ಹತ್ರ ಬಿಟ್ರೆ ಅಲ್ಲೇ ಕಟ್ಟುತ್ತೆ. ತೀರಾ ಚಳಿ ಇರೋ ರಾತ್ರಿ ದೂರದ ನಲ್ಲಿನ ಪೆನ್ಸಿಲ್ ಕಡ್ಡಿಯಷ್ಟು ಸಣ್ಣಗೆ ಹರಿಯೋಕೆ ಬಿಡಿ. ಹೊರಗಿನ ನಲ್ಲಿಗೆ ಹಾಕಿರೋ ಹೋಸ್ ಪೈಪ್ ಬಿಚ್ಚಿಡಿ. ಊರಿಗೆ ಹೋಗ್ತಿದ್ರೆ ಹೀಟಿಂಗನ್ನ ಪೂರ್ತಿ ಆಫ್ ಮಾಡ್ದೆ 13 ಡಿಗ್ರಿಗಾದ್ರೂ ಇಟ್ಟು ಹೋಗಿ, ಇಲ್ಲಾಂದ್ರೆ ಗೀಸರ್ ಸ್ವಿಚ್ ಆಫ್ ಮಾಡಿ, ಮೇನ್ ಬಂದ್ ಮಾಡಿ, ಎಲ್ಲಕ್ಕಿಂತ ಕೆಳಗಿನ ನಲ್ಲಿಯಿಂದ ನೀರೆಲ್ಲಾ ಖಾಲಿ ಮಾಡಿ, ಕಮೋಡ್ ಫ್ಲಶ್ ಮಾಡಿ ಟ್ಯಾಂಕೂ ಬರಿದಾಗಿದೆಯಾ ನೋಡ್ಕೊಂಡು ಬಾಗಿಲು ಹಾಕಿ.